ಈಜುವವನ ಪಾಲು

"ಇವನು ಬಂದಿರೋದು ಜೀವ ಉಳಿಸೋಕೋ, ನಮ್ಮ ಚೀಲ ಖಾಲಿ ಮಾಡೋಕೋ?"

ಕ್ಯಾಪ್ಟನ್ ಮಾತಿಗೆ, ಸರೋವರದ ದಡದಲ್ಲಿ ಡೇರೆ ಹಾಕಿದ್ದ ಚಾರಣ ತಂಡವೆಲ್ಲ ಘೊಳ್ಳೆಂದಿತು. ಮೊಸಳೆ ತಲೆ ಎತ್ತದೆ ಬ್ರೆಡ್ಡಿನ ಇನ್ನೊಂದು ತುಂಡು ಮುರಿದ. ಮೊಸಳೆ ಅನ್ನುವುದು ಅವನ ಈಜಿಗೂ ಹಸಿವಿಗೂ ಸೇರಿ ಬಿದ್ದಿದ್ದ ಅಡ್ಡಹೆಸರು.

ಹಿಂದಿನ ದಿನ ಇದ್ದೊಂದು ದೋಣಿಯಲ್ಲಿ ಸರೋವರ ದಾಟಿದ್ದ ಅವನ ಗೆಳೆಯ, ಎದುರು ದಡದ ಗುಡಿಸಲಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ. ಪಾದ ನೀಲಿಗಟ್ಟುತ್ತಿದೆ ಅಂತ ರೇಡಿಯೋದಲ್ಲಿ ನರಳಿದ್ದ. ಸುತ್ತಿ ಹೋಗೋಣವೆಂದರೆ ನೆಟ್ಟಗೆ ನೀರಿಗೇ ಇಳಿದ ಬಂಡೆಗೋಡೆಗಳು, ಅವುಗಳ ತಲೆಯ ಮೇಲೆ ಹಿಮ. ಅದು ಕರಗಿ ಇಳಿದ ನೀರು ಸೀಸದ ಬಣ್ಣಕ್ಕೆ ತಿರುಗಿ, ಅಲುಗಾಡದೆ ಬಿದ್ದಿತ್ತು. ಸಂಜೆಯೊಳಗೆ ಬಿರುಗಾಳಿ. ಯಾರಾದರೂ ಈಜಿ ಹೋಗಿ, ಅವನನ್ನು ದೋಣಿಯಲ್ಲಿ ತರಲೇಬೇಕು.

"ಮ್ಯಾರಥಾನ್‌ಗೆ ಮುಂಚೆ ನಾನು ಎರಡು ಬಾಳೆಹಣ್ಣು ತಿಂತೀನಿ, ಅಷ್ಟೇ," ಅಂತ ಕ್ಯಾಪ್ಟನ್ ಬ್ರೆಡ್ಡು ಕಿತ್ತುಕೊಂಡ.

"ಓಡಿದ್ರೆ ಮೈ ತಾನೇ ಬಿಸಿಯಾಗುತ್ತೆ ಸಾರ್," ತಂಡದ ಡಾಕ್ಟರಮ್ಮ ರೇಗಿದಳು. "ತಣ್ಣೀರಲ್ಲಿ ಬಿಸಿ ಉಳಿಸ್ಕೊಳ್ಳೋಕೇ ಮೈಯೊಳಗಿರೋದೆಲ್ಲ ಉರಿದುಹೋಗುತ್ತೆ. ತಿನ್ನೋಕೆ ಬಿಡಿ!"

ಮೊಸಳೆ ಕಾಯಲಿಲ್ಲ. ರೋಷಕ್ಕೆ ಧುಮುಕಿಯೇಬಿಟ್ಟ.

ನೀರು ಇರಿಯಿತು.

ಕೈ ಬೀಸಿದ. ಬೀಸಿದ. ನಡುನೀರಿಗೆ ಬರುವಷ್ಟರಲ್ಲಿ ಬೆರಳು ತನ್ನವಲ್ಲ ಅನ್ನಿಸಿತು. ತೊಡೆ ಸೆಟೆದುಕೊಂಡಿತು. ಮುಳುಗಿದ. ತೇಲಿದ. ಮೈಯಲ್ಲಿ ಸಿಟ್ಟೊಂದೇ ಬಿಸಿಯಾಗಿ ಉಳಿದಿತ್ತು. ಅದನ್ನೇ ಕಚ್ಚಿಕೊಂಡು ದಡ ಮುಟ್ಟಿ, ತೆವಳಿ ಗುಡಿಸಲು ಸೇರಿದ.

ಗೆಳೆಯ ಕಂಬಳಿ ಎಸೆದು, ಬಿಸ್ಕತ್ತಿನ ಪೊಟ್ಟಣ ಚಾಚಿದ.

"ಬೇಡ ಕಣೋ. ನಿಂಗಿರ್ಲಿ."

"ಲೋ, ನಾನು ಮಲಗೇ ಇದೀನಿ. ಮಲಗಿದೋನಿಗೆ ಏನೋ ಖರ್ಚು? ಹುಟ್ಟು ಹಾಕೋನು ನೀನು. ನೀನೂ ಬಿದ್ರೆ ನನ್ನನ್ನ ನಿಮ್ಮಪ್ಪ ಬಂದು ದಾಟಿಸ್ತಾನಾ?"

ಮೊಸಳೆ ನಗುತ್ತ ತಿಂದ, ಪುಡಿಯನ್ನೂ ಬಿಡದೆ. ನಡುಕ ಇಳಿದ ಮೇಲೆ ಗೆಳೆಯನನ್ನು ಹೊತ್ತು ದೋಣಿಯಲ್ಲಿ ಮಲಗಿಸಿದ. ಅಷ್ಟರಲ್ಲಿ ಗಾಳಿ ಎದ್ದಿತ್ತು.

ಅಲೆ ದೋಣಿಯ ಮೂತಿ ತಿರುಗಿಸಿತು. ಮೊಸಳೆ ಕಾಲೂರಿ ಹುಟ್ಟು ಎಳೆದ. ಸೊಂಟ, ಬೆನ್ನು, ತೋಳು, ಎಲ್ಲ ಒಟ್ಟಿಗೆ ಚೀರಿದವು. ಅಂಗೈ ಸುಲಿಯಿತು.

"ಬಲಗೈ ಎಳಿಯೋ! ಬಲಗೈ!" ಗೆಳೆಯ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತ ಕೂಗಿದ.

ಕೊನೆಗೂ ದೋಣಿಯ ತಳ ಮರಳಿಗೆ ಕರ್ರೆಂದು ಉಜ್ಜಿತು.

ಕೂಗು, ಚಪ್ಪಾಳೆ. ಡಾಕ್ಟರಮ್ಮ ಗೆಳೆಯನ ಪಾದ ಮುಟ್ಟಿ ನೋಡಿ, "ಕಾಲು ಉಳೀತು," ಅಂದಳು. ಮೊಸಳೆಯ ಎದೆ ಹಗುರವಾಯಿತು.

"ಶಭಾಷ್ ಕಣೋ!" ಕ್ಯಾಪ್ಟನ್ ಕ್ಯಾಮೆರಾ ಎತ್ತಿದ. "ಬಾ, ಪಕ್ಕ ನಿಂತ್ಕೋ. ಖಾಲಿ ಹೊಟ್ಟೇಲಿ ಹೆಂಗೆ ದಾಟಿಸಿದೆ ಅಂತ ಎಲ್ಲರಿಗೂ ಹೇಳು."

ಮೊಸಳೆ ಡಾಕ್ಟರಮ್ಮನಿಗೆ ಕಣ್ಸನ್ನೆ ಮಾಡಿದ. ಇಬ್ಬರೂ ಗೆಳೆಯನನ್ನು ಮಲಗಿಸಿದ್ದ ಸ್ಟ್ರೆಚರ್ ಎತ್ತಿಕೊಂಡು, ಕ್ಯಾಮೆರಾಗೆ ಬೆನ್ನು ಹಾಕಿ ಡೇರೆಯ ಕಡೆ ನಡೆದರು.