ಹೋಗಿ ಬಾ ಎನ್ನದವಳು

ದೋನ್ಯಾ ಎರ್ಮಿಲಾ ತನ್ನ ಸೊಸೆಯ ಹೆಸರನ್ನು ಅವರಿಗೆ ಕೊಟ್ಟಳು. ಹಾಡುಹಗಲು, ತನ್ನದೇ ಅಡುಗೆಮನೆಯಲ್ಲಿ, ಒಲೆಯ ಮೇಲೆ ಬೀನ್ಸ್ ಬೇಯುತ್ತಿರುವಾಗ ಕೊಟ್ಟಳು.

ಕೇಳಲು ಬಂದವನು ಚೆಮಾ. ಪಕ್ಕದ ಬೀದಿಯವನು. ಜ್ಞಾನಸ್ನಾನದ ದಿನ ಕೂಸಾಗಿದ್ದ ಅವನನ್ನು ಇಗರ್ಜಿಯಲ್ಲಿ ಎತ್ತಿ ಹಿಡಿದವಳು ಎರ್ಮಿಲಾ. ಆ ಋಣಕ್ಕೆ ಈಗಲೂ ಅವಳನ್ನು ‘ಮದ್ರಿನಾ’, ಅಂದರೆ ಧರ್ಮತಾಯಿ, ಎಂದೇ ಕರೆಯುತ್ತಾನೆ. ಬಿಸಿ ರೊಟ್ಟಿ ಕೇಳಿ ಪಡೆದು ತಿನ್ನುತ್ತಾ, ಗುಡ್ಡದ ಮೇಲಿನ ತಮ್ಮ ರೇಡಿಯೊ ಕಂಬಕ್ಕೆ ಸಿಡಿಲು ಬಡಿದ ವಿಷಯ ಹೇಳಿದ. ಕಂಬದ ಬುಡದ ಪೆಟ್ಟಿಗೆ ಸುಟ್ಟಿದೆಯಂತೆ, ಹುಡುಗರ ವಾಕಿಟಾಕಿ ಹೊಳೆಯಾಚೆ ಕೇಳಿಸುತ್ತಿಲ್ಲವಂತೆ. ಅದನ್ನು ನೋಡಿಕೊಳ್ಳುತ್ತಿದ್ದ ಟೆಲಿಫೋನ್ ಕಂಪನಿಯ ಮನುಷ್ಯ ಈಗ ಇಲ್ಲವಂತೆ. ಹೇಗೆ ಇಲ್ಲ ಎಂದು ಎರ್ಮಿಲಾ ಕೇಳಲಿಲ್ಲ. ಅವಳ ಮಗ ರೊಸೆಂದೊನ ಕೆಟ್ಟ ವಾಕಿಟಾಕಿ ಹೊಸದರಂತೆ ರಿಪೇರಿಯಾಗಿ ಬಂದಿದೆ, ಹಾಗಾಗಿ ಸಂಜೆ ರೊಸೆಂದೊನನ್ನೇ ಗುಡ್ಡಕ್ಕೆ ಕರೆದೊಯ್ಯುತ್ತೇವೆ ಎಂದ. ಬೀನ್ಸ್ ತಿರುವುತ್ತಿದ್ದ ಸೌಟು ಅವಳ ಕೈಯಲ್ಲಿ ನಿಂತುಹೋಯಿತು.

“ಅವನಿಗೆ ಬಲ್ಬ್ ಹಾಕೋಕೂ ಬರಲ್ಲ ಮಗಾ. ರಿಪೇರಿ ಮಾಡಿದ್ದು ಅವಳು, ಯಾದಿರಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಿರೋದು ಅವಳು.”

ನಮ್ಮ ಸಾನ್ ಬ್ರೌಲಿಯೊದಲ್ಲಿ ‘ಅವರು’ ಎಂದರೆ ಸಾಕು, ಗುಡ್ಡದ ಬಂದೂಕಿನವರಿಗೆ ಇನ್ನೊಂದು ಹೆಸರು ಬೇಕಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಪ್ರತಿಯೊಬ್ಬ ಡ್ರೈವರನ ಸೀಟಿನ ಕೆಳಗೂ ಅವರು ಕೊಟ್ಟ ವಾಕಿಟಾಕಿ ಇದೆ. ಸೈನಿಕರ ಲಾರಿ ಕಂಡರೆ ಅದರಲ್ಲಿ ಹೇಳಬೇಕು. ಇಷ್ಟವೋ ಕಷ್ಟವೋ ಎಂದು ಯಾರೂ ಕೇಳಿಲ್ಲ. ರೊಸೆಂದೊನದು ಕೆಟ್ಟುಹೋದಾಗ ಅವನು ಹೆದರಿ ಬೆವರಿದ. ಸ್ಟ್ಯಾಂಡಿನದು, ಸ್ವಲ್ಪ ನೋಡು ಎಂದು ಹೆಂಡತಿಯ ಮುಂದಿಟ್ಟ. ಅವಳು ಅದನ್ನು ಬಿಚ್ಚಿ, ಬಿಟ್ಟುಹೋಗಿದ್ದ ಬೆಸುಗೆಯನ್ನು ಮತ್ತೆ ಹಾಕಿ, ಸರಿಯಾಯಿತೇ ಎಂದು ಕಿವಿಗಿಟ್ಟಳು. ಒಳಗೆ ಯಾವನೋ ಸೇತುವೆಯ ಮೇಲಿನ ಸೈನಿಕರನ್ನು ಎಣಿಸುತ್ತಿದ್ದ... ತಣ್ಣಗೆ ಆರಿಸಿ ಗಂಡನ ಕೈಗಿಟ್ಟಳು. ಅವನು ಅವಳ ಮುಖ ನೋಡಲಿಲ್ಲ, ಅವಳೂ ನೋಡಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಬದುಕುವುದನ್ನು ಈ ಊರಿನಲ್ಲಿ ಯಾವ ಶಾಲೆಯೂ ಕಲಿಸಬೇಕಾಗಿಲ್ಲ.

ಚೆಮಾ ಬಂದುಹೋದ ದಿನ ಯಾದಿರಾ ನಗರದ ತಾಂತ್ರಿಕ ಸಂಸ್ಥೆಯಿಂದ ಬಸ್ಸಿನಲ್ಲಿ ಬಂದಳು. ಬಿಳಿ ಕೋಟಿನ ತೋಳಿನಲ್ಲಿ ಬೆಸುಗೆಯ ಸುಟ್ಟ ಚುಕ್ಕೆಗಳು. ಚೀಲದಲ್ಲಿ ಅವಳೇ ಕಟ್ಟಿದ ಪುಟ್ಟ ಪೆಟ್ಟಿಗೆ. ಊರಿನ ಆರೋಗ್ಯ ಕೇಂದ್ರದಲ್ಲಿ ವಿದ್ಯುತ್ ಹೋಗಿ ಲಸಿಕೆಯ ಫ್ರಿಜ್ ಬೆಚ್ಚಗಾದರೆ ಅದು ಕೂಗಿ ಎಬ್ಬಿಸುತ್ತದೆ. ಶುಕ್ರವಾರ ಪರೀಕ್ಷಕರ ಮುಂದೆ ಅದನ್ನಿಟ್ಟು ಉತ್ತರ ಹೇಳಿದರೆ ಡಿಪ್ಲೊಮಾ ಕೈಗೆ ಬರುತ್ತಿತ್ತು. ಈ ಓದಿಗಾಗಿ ಅವಳು ಅತ್ತೆಯಿಂದ ಕೇಳದ ಮಾತಿಲ್ಲ. ತಂತಿ ಹಿಡಿಯುವ ಕೈಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಗಂಡಸರ ನಡುವೆ ಬೆಂಚಿನಲ್ಲಿ ಕೂರುವವಳ ಮಡಿಲು ತುಂಬುವುದಿಲ್ಲ... ಪ್ರತಿದಿನ ಬೆಳಿಗ್ಗೆ ಎರ್ಮಿಲಾ ಬಾಗಿಲಲ್ಲಿ ನಿಂತು ಮಗನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದು ಹೋಗಿ ಬಾ ಎನ್ನುತ್ತಿದ್ದಳು. ಹಿಂದೆಯೇ ಸೊಸೆ ತಲೆ ಬಾಗಿಸಿದರೆ ಒಲೆಯ ಕಡೆ ತಿರುಗುತ್ತಿದ್ದಳು. ಮದುವೆಯಾದಂದಿನಿಂದ ಒಂದು ದಿನವೂ ಆ ಹೆಬ್ಬೆರಳು ಯಾದಿರಾಳ ಹಣೆಯನ್ನು ಮುಟ್ಟಿರಲಿಲ್ಲ.

ಅಂಥ ಅತ್ತೆ ಅಂದು ಮಾಂಸದ ದೊಡ್ಡ ತುಂಡನ್ನು ಸೊಸೆಯ ತಟ್ಟೆಗೆ ಮೊದಲು ಹಾಕಿದಳು. ಇನ್ನೂ ಸ್ವಲ್ಪ ಹಾಕಲೇ ಎಂದೂ ಕೇಳಿದಳು. ಯಾದಿರಾ ತಟ್ಟೆಯಿಂದ ಕಣ್ಣೆತ್ತಿ ಅತ್ತೆಯನ್ನೇ ನೋಡಿದಳು.

“ಅತ್ತೆ, ಯಾರು ಬಂದಿದ್ರು?”

ಎರ್ಮಿಲಾ ಏಪ್ರನ್ನಿನ ತುದಿಯಿಂದ ಬಾಯಿ ಒರೆಸಿಕೊಂಡು ಎಲ್ಲವನ್ನೂ ಹೇಳಿದಳು. ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಮಗನನ್ನು ಹೆತ್ತವಳು ತಾನು, ಇನ್ನೇನು ಹೇಳಬೇಕಿತ್ತು ಎಂದಳು. ಯಾದಿರಾ ತಟ್ಟೆ ಸರಿಸಲಿಲ್ಲ, ಕೂಗಲೂ ಇಲ್ಲ. ಆ ತುಂಡನ್ನು ಎರಡು ಮಾಡಿ ಗಂಡನ ಪಾಲನ್ನು ಮುಚ್ಚಿಟ್ಟಳು. ಅವಳಿಗೆ ನೆನಪಾದದ್ದು ಟೆಲಿಫೋನ್ ಕಂಪನಿಯ ಆ ಮನುಷ್ಯನ ಹೆಂಡತಿ. ಗುಡ್ಡಕ್ಕೆ ಹೋಗಿ ವಾಪಸ್ ಬಾರದವನ ಫೋಟೊವನ್ನು ಆಕೆ ಈಗಲೂ ವಿದ್ಯುತ್ ಕಂಬಗಳಿಗೆ ಅಂಟಿಸುತ್ತಾಳೆ. ಮಳೆಗೆ ಮುಖ ಕರಗುತ್ತದೆ, ಆಕೆ ಮತ್ತೆ ಅಂಟಿಸುತ್ತಾಳೆ. ಇನ್ನು ಆ ಮುಖದ ಪಕ್ಕದಲ್ಲಿ ತನ್ನ ಮುಖ...

ರೊಸೆಂದೊ ಬಂದು ಕೇಳಿ ಗೋಡೆ ಹಿಡಿದು ಕುಳಿತ. ಓಡಿಹೋಗೋಣ, ಈಗಲೇ, ಟ್ಯಾಕ್ಸಿಯಲ್ಲೇ ಎಂದ. ಯಾವ ದಾರಿಯಲ್ಲಿ? ಬಸ್ ನಿಲ್ದಾಣದಲ್ಲಿ ಅವರ ಹುಡುಗರು ಬೂಟು ಒರೆಸುವವರಂತೆ ಕೂತಿದ್ದಾರೆ. ಸೇತುವೆಯ ಪೊಲೀಸ್ ಚೌಕಿಯವರು ಮೊದಲು ಫೋನ್ ಮಾಡುವುದೇ ಅವರಿಗೆ. ಓದಿ, ತಂತ್ರಜ್ಞರಾಗಿ, ನಾಡು ಬೆಳಗಿಸಿ ಎಂದು ಗೋಡೆಗೋಡೆಗೂ ಬಣ್ಣದಲ್ಲಿ ಬರೆಸಿದ ಸರ್ಕಾರ, ಓದಿದವರನ್ನು ಅವರು ಹಾಡುಹಗಲೇ ಎತ್ತಿ ಹಾಕಿಕೊಂಡು ಹೋಗುವಾಗ ಎಲ್ಲಿರುತ್ತದೆ? ಕೆಲಸ ಕಲಿತ ಕೈಯೇ ಅಪರಾಧವಾಗುವ ಊರಿಗೆ ಯಾವ ನ್ಯಾಯಾಲಯ ಬರುತ್ತದೆ? ಈ ಪ್ರಶ್ನೆ ಕೇಳಿದ ಮೇಷ್ಟರೊಬ್ಬರು ನಮ್ಮಲ್ಲಿದ್ದರು. ಅವರ ಮನೆಗೂ ಈಗ ಬೀಗ.

“ನಾನೇ ಹೋಗ್ತೀನಿ,” ಎಂದಳು ಯಾದಿರಾ. “ನಾನು ಹೋಗದಿದ್ರೆ ನಿನ್ನ ಕರ್ಕೊಂಡು ಹೋಗ್ತಾರೆ. ಆ ಪೆಟ್ಟಿಗೆ ಮುಂದೆ ನಿಂತು ನೀನೇನು ಮಾಡ್ತೀಯ? ಬರಲ್ಲ ಅಂದ್ರೆ ನಂಬ್ತಾರಾ? ನನಗಾದ್ರೆ ಕೆಲಸ ಮುಗಿಯೋವರೆಗಾದ್ರೂ ಉಸಿರಿರುತ್ತೆ.”

ರೊಸೆಂದೊ ತಾಯಿಯ ಕಡೆ ತಿರುಗಿ, ನನ್ನನ್ನು ಉಳಿಸಿ ಯಾವ ಮುಖ ಹೊತ್ತು ಬದುಕು ಅಂತೀಯಮ್ಮಾ ಎಂದು ಕೇಳಿದ. ಎರ್ಮಿಲಾ, ಸೊಸೆ ಮೀಟರನ್ನೂ ಬೆಸುಗೆಯ ಕಡ್ಡಿಯನ್ನೂ ಚೀಲಕ್ಕೆ ಹಾಕುವುದನ್ನು ನೋಡುತ್ತಿದ್ದಳು. ಯಾದಿರಾ ಫ್ರಿಜ್ಜಿನ ಪೆಟ್ಟಿಗೆಯನ್ನು ಹೊರತೆಗೆದು ಅತ್ತೆಯ ಮುಂದಿಟ್ಟಳು. ಆರೋಗ್ಯ ಕೇಂದ್ರದ ನರ್ಸಿಗೆ ಕೊಟ್ಟುಬಿಡಿ, ಕೆಂಪು ತಂತಿ ಯಾವುದಕ್ಕೆಂದು ಅವರಿಗೆ ಹೇಳಿದ್ದೇನೆ, ಶುಕ್ರವಾರ ನಾನು ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ ಎಂದಳು. ನಾನು ಇಲ್ಲದಿದ್ದರೂ... ಎಷ್ಟು ಸಲೀಸಾಗಿ ಹೇಳಿದಳು!

ಸಂಜೆಯ ಬಿಸಿಲು ಇನ್ನೂ ಜೋಳದ ಹೊಲದ ಮೇಲಿರುವಾಗಲೇ ಪಿಕಪ್ ಬಂತು. ಕತ್ತಲಾಗುವವರೆಗೆ ಕಾಯುವ ಅಗತ್ಯ ಅವರಿಗಿಲ್ಲ. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಚೆಮಾ ಹೊಸ್ತಿಲಲ್ಲಿ ಟೋಪಿ ತೆಗೆದು ನಿಂತ. ಅವನ ಹಿಂದೆ ಗಾಡಿಯಲ್ಲಿ ಕೂತಿದ್ದವರು ಇಳಿಯಲಿಲ್ಲ, ಇಂಜಿನ್ ಆರಿಸಲೂ ಇಲ್ಲ.

ಯಾದಿರಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅತ್ತೆಯ ಮುಂದೆ ಮಂಡಿಯೂರಿ ಹಣೆ ಮೇಲೆತ್ತಿದಳು.

“ಇವತ್ತೊಂದು ದಿನ ನನಗೂ ಆಶೀರ್ವಾದ ಕೊಡಿ ಅತ್ತೆ,” ಎಂದಳು. “ಭಯ ಆಗ್ತಿದೆ.”

ಎರ್ಮಿಲಾಳ ಕೈ ಮೇಲೆದ್ದಿತು. ಹೆಬ್ಬೆರಳು ಆ ಹಣೆಯ ಹತ್ತಿರ ಬಂದು ನಿಂತಿತು. ಬೆವರಿನಿಂದ ಒದ್ದೆಯಾದ, ಇನ್ನೂ ಎಳೆಯದಾದ ಹಣೆ. ಇಷ್ಟು ವರ್ಷ ಮುಖ ತಿರುಗಿಸಿದಾಗಲೆಲ್ಲ ಇವಳು ಸಂಜೆಗೆ ಹಿಂದಿರುಗುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಲ್ಲವೇ ಅಷ್ಟು ಜಿಪುಣಿಯಾಗಿದ್ದದ್ದು?

“ಹೋಗಿ ಬಾ ಅಂತ ಹೇಳಿ ಕಳಿಸಿ ಮದ್ರಿನಾ,” ಎಂದ ಚೆಮಾ, ಮೆತ್ತಗೆ. “ಕಾಯ್ತಾ ಇದಾರೆ.”

“ಎಲ್ಲಿಂದ ಬರ್ತಾಳೋ ಇವಳು?” ಎರ್ಮಿಲಾ ಅವನ ಕಡೆ ತಿರುಗಿದಳು. “ನಿನ್ನನ್ನ ಈ ಕೈಯಲ್ಲಿ ಎತ್ತಿ ಹಿಡಿದಿದ್ದೆ. ನನ್ನ ಕಣ್ಣು ನೋಡಿ ಹೇಳು. ಅಲ್ಲಿಂದ ಯಾರು ವಾಪಸ್ ಬಂದಿದಾರೆ?”

ಚೆಮಾ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಗಾಡಿಯಲ್ಲಿದ್ದವರು ಹಾರ್ನ್ ಒತ್ತಿದರು.

“ಮದ್ರಿನಾ, ಅವರು ನನ್ನ ಹಾಗಲ್ಲ. ಇಳಿದು ಬಂದ್ರೆ ನಾನೇನೂ ಮಾಡೋಕಾಗಲ್ಲ. ಹೇಳಿ ಕಳಿಸಿ.”

ಎರ್ಮಿಲಾ ಎತ್ತಿದ ಕೈಯನ್ನು ಇಳಿಸಿದಳು. ಸೊಸೆಯ ತೋಳು ಹಿಡಿದು ಎಬ್ಬಿಸಿ, ಮಗನ ಪಕ್ಕಕ್ಕೆ, ತನ್ನ ಬೆನ್ನ ಹಿಂದಕ್ಕೆ ತಳ್ಳಿದಳು. ಹೊರಗೆ ಪಿಕಪ್ಪಿನ ಬಾಗಿಲು ತೆರೆದ ಸದ್ದಾಯಿತು. ಅವಳು ಹೊಸ್ತಿಲಿಗೆ ಅಡ್ಡವಾಗಿ ಕಾಲೂರಿ ನಿಂತಳು.

“ಹೇಳಲ್ಲ,” ಎಂದಳು.