ಹಲಗೆಯಡಿಯ ತೇವ

“ಈ ಹಲಗೆ ಕೀಳೋದಾದ್ರೆ ಮೊದ್ಲು ನನ್ನ ಹೆಣ ಎತ್ತಿ” ಎಂದು ಎರ್ಮಿಂಡಾ ಮುದುಕಿ ಕುರ್ಚಿಯನ್ನು ಕೋಣೆಯ ನಟ್ಟನಡುವೆ ಎಳೆದುಕೊಂಡು ಕುಳಿತೇಬಿಟ್ಟಳು.

ಸೊಸೆ ಡೆಲ್ಫಿನಾ ಮಾತಿಗೆ ನಿಲ್ಲಲಿಲ್ಲ. ಅತ್ತೆಯನ್ನು ಕುರ್ಚಿ ಸಮೇತ ಅಂಗಳದ ಬಿಸಿಲಿಗೆ ಸಾಗಿಸಿ, ಕೈಗೆ ‘ಮಾತೆ’ ಎಲೆಯ ಬಿಸಿ ಕಷಾಯ ಕೊಟ್ಟು ಬಂದಳು. ಬರ್ರಾಕಸ್ ಬಡಾವಣೆಯ ಆ ಹಳೆಯ ಮನೆಯೊಳಗೆ ಅವಳು ಬೂಟು ಮೆಟ್ಟಿ ನಡೆದದ್ದು ಅದೇ ಮೊದಲು. ಅಲ್ಲಿ ಯಾರೇ ಬಂದರೂ ಬಾಗಿಲಲ್ಲಿಟ್ಟ ಉಣ್ಣೆಬಟ್ಟೆಯ ತುಂಡುಗಳ ಮೇಲೆ ಕಾಲಿಟ್ಟು ಜಾರುತ್ತಲೇ ಹೋಗಬೇಕು. ಅತ್ತೆಗೆ ಮನುಷ್ಯರಿಗಿಂತ ಆ ಪೈನ್ ಹಲಗೆಗಳ ಮೇಣದ ಹೊಳಪು ದೊಡ್ಡದು.

ಡೆಲ್ಫಿನಾ ಮದುವೆಯಾಗಿ ಬಂದ ಹೊಸದರಲ್ಲಿ, ತವರಿನ ಕಲ್ಲುನೆಲದ ಅಭ್ಯಾಸದಂತೆ, ಒಂದು ಬಕೆಟ್ ನೀರು ಸುರಿದು ನೆಲ ತೊಳೆದಿದ್ದಳು. ಅಷ್ಟೇ ಅವಳ ಅಪರಾಧ. ಮುಂದೆ ಮಗಳು ನೊಯೆಮಿಗೆ ಉಬ್ಬಸ ಹಿಡಿದು, ಮನೆಯ ತೇವ ಆಗದು ಎಂದು ವೈದ್ಯರು ಹೇಳಿದಾಗ ಅತ್ತೆ ಬೆರಳು ತೋರಿಸಿದ್ದು ಆ ಬಕೆಟ್ಟಿನತ್ತ. “ಹಲಗೆ ಕೊಳೆಸ್ದೆ, ಮಗು ಎದೇನೂ ಕೊಳೆಸ್ದೆ” ಎಂದಳು. ಗಂಡ ಓಸ್ವಾಲ್ಡೊ ಹೌದೆಂದು ತಲೆಯಾಡಿಸಿದ. ಹಾಲುಹಲ್ಲಿನ ಮಗುವನ್ನು ಕೊಸ್ಕಿನ್‌ನ ಒಣಗಾಳಿಯ ಬೆಟ್ಟದೂರಿಗೆ, ತನ್ನ ಅಕ್ಕ ಔರೋರಾಳ ಮಡಿಲಿಗೆ ಕಳಿಸಿ ಬಂದ ತಾಯಿ, ಆ ಮಾತನ್ನು ನಿಜವೆಂದೇ ನಂಬಿ ಬದುಕಿದಳು... ಎಷ್ಟು ಅತ್ತಳೋ, ಆ ಗೋಡೆಗಳಿಗೇ ಗೊತ್ತು.

ಈಗ ಬೆಳೆದ ಮಗಳು, ಕ್ರಿಸ್‌ಮಸ್‌ಗೆ ಬರುತ್ತೇನೆ, ಮನೆ ಒಣಗಿದ್ದರೆ ಇರುತ್ತೇನೆ ಎಂದಿದ್ದಳು. ಅದಕ್ಕಾಗಿ ಈ ಕೆಲಸ.

ಹಲಗೆ ಎದ್ದಾಗ ಬೂಸ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ತೊಲೆಗಳ ತುದಿ ಲಡ್ಡು ಹಿಡಿದು ಪುಡಿಯಾಗುತ್ತಿತ್ತು. ಹಲಗೆಯಡಿಯ ತೇವ ಆರಲೆಂದು ಬೀದಿಗೋಡೆಯ ಬುಡದಲ್ಲಿ ಬಿಟ್ಟಿದ್ದ ಗಾಳಿಕಂಡಿಗೆ ಡೆಲ್ಫಿನಾ ಕೈ ಹಾಕಿದಳು. ಹೊರಗೆ ಕಬ್ಬಿಣದ ಜಾಲರಿ ಇದ್ದಹಾಗೇ ಇತ್ತು. ಒಳಗೆ ಮಾತ್ರ ಗಟ್ಟಿ ಸಿಮೆಂಟು. ಪಕ್ಕದ್ದೂ ಹಾಗೇ.

“ಯಾರು ಮುಚ್ಚಿದ್ದು ಇದನ್ನ?”

ಓಸ್ವಾಲ್ಡೊ ಪಕ್ಕದ ಹಲಗೆಯ ಮೊಳೆ ಕೀಳುತ್ತಲೇ ಇದ್ದ. ಅಂಗಳದಿಂದ ಮುದುಕಿಯೇ ಹೇಳಿದಳು: “ನಾನೇ ಮುಚ್ಚಿಸ್ದೆ, ನೀನು ಈ ಮನೆಗೆ ಬರೋಕೆ ಮುಂಚೆ. ಬೀದಿ ಧೂಳೆಲ್ಲ ಸಂದಿಂದ ಮೇಲೆ ಬಂದು ಮೇಣದ ಮೇಲೆ ಕೂರ್ತಿತ್ತು. ಏನೀಗ?”

“ಯಾರ ಕೈಲಿ ಅತ್ತೆ?”

“ಮಗ ಇರೋವಾಗ ಕೂಲಿಯೋನು ಯಾಕೆ?”

ಡೆಲ್ಫಿನಾ ಗಂಡನನ್ನೇ ನೋಡಿದಳು. “ನಿಂಗೆ ಗೊತ್ತಿತ್ತು.”

“ಮುಚ್ಚೋವಾಗ ಗೊತ್ತಿರ್ಲಿಲ್ಲ ಕಣೆ... ಡಾಕ್ಟ್ರು ತೇವ ಅಂದಾಗ ಹೊಳೀತು. ಅಮ್ಮನ ಹೆಸರು ಹೇಳೋಕೆ ಬಾಯಿ ಬರ್ಲಿಲ್ಲ.”

“ನನ್ನ ಹೆಸರು ಹೇಳೋಕೆ ಬಂತು.”

ಅವಳು ಅಳಲಿಲ್ಲ. ಉಳಿ ಸುತ್ತಿಗೆ ಹಿಡಿದು ಒಂದೊಂದೇ ಕಂಡಿಯ ಸಿಮೆಂಟನ್ನು ತಾನೇ ಒಡೆದಳು. ಗಂಡ ನೆರವಿಗೆ ಬಂದಾಗ ಅವನ ಕೈ ಸರಿಸಿದಳು. ನೆಲ ಒಣಗಿದ ಮೇಲೆ ಹೊಸ ತೊಲೆ ಕೂರಿಸಿ, ಚೆನ್ನಾಗಿದ್ದ ಹಳೆಯ ಹಲಗೆಗಳನ್ನೇ ಉಜ್ಜಿ ಮತ್ತೆ ಜೋಡಿಸಿದರು.

ಕ್ರಿಸ್‌ಮಸ್‌ಗೆ ನೊಯೆಮಿ ಬಂದಳು. ಒಂದು ಸಲವೂ ಕೆಮ್ಮಲಿಲ್ಲ. ಡೆಲ್ಫಿನಾ ಮಗಳ ಉಸಿರನ್ನೇ ಕೇಳುತ್ತ ಕೂತಳು. ಊಟವಾದ ಮೇಲೆ ಹುಡುಗಿ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದಳು: “ಮನೆ ಚೆನ್ನಾಗಾಗಿದೆ. ಆದ್ರೆ ನಾಳೆ ಬಸ್ಸಿಗೇ ಹೊರಡ್ತೀನಿ. ಅಲ್ಲಿ ಅಮ್ಮ ಒಬ್ಳೇ ಇರ್ತಾಳೆ.”

ಅಮ್ಮ ಎಂದರೆ ಔರೋರಾ. ಡೆಲ್ಫಿನಾ “ಹೂಂ, ಹೋಗು” ಎಂದಳು. ದಾರಿಗೆ ತಿನ್ನಲು ರೊಟ್ಟಿಯನ್ನೂ ಕಟ್ಟಿಕೊಟ್ಟಳು.

ಮರುದಿನ ಮಗಳನ್ನು ಬಸ್ಸು ಹತ್ತಿಸಿ ಬಂದಾಗ ಓಸ್ವಾಲ್ಡೊ ಮೊಣಕಾಲೂರಿ ನೆಲಕ್ಕೆ ಮೇಣ ತಿಕ್ಕುತ್ತಿದ್ದ. “ಕೆಳಗಿಂದ ಗಾಳಿ ಬರ್ತಿದೆ, ಮುಚ್ಚೇ” ಎಂದು ಮುದುಕಿ ಗೊಣಗಿದಳು. ಡೆಲ್ಫಿನಾ ಅವಳ ಕಾಲಿಗೆ ಕಂಬಳಿ ಹೊದಿಸಿದಳು. ಆಮೇಲೆ ಬಾಗಿಲಿನ ಉಣ್ಣೆತುಂಡುಗಳನ್ನು ಒಲೆಗೆ ಹಾಕಿ, ಬೀದಿಯ ಬೂಟಿನಲ್ಲೇ, ಹಸಿ ಮೇಣದ ಮೇಲೆ ತನ್ನ ಕೋಣೆಗೆ ನಡೆದುಹೋದಳು.