ಖಾಲಿ ಕಾರಿನ ಸ್ಟಿಯರಿಂಗ್

ಖಾಲಿ ಕಾರಿನ ಸ್ಟಿಯರಿಂಗ್ ತಾನಾಗಿಯೇ ತಿರುಗುತ್ತಿತ್ತು.

ಡಿಂಪಲ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅಡುಗೆ, ಹಾಸಿಗೆ ಎಲ್ಲ ಇರುವ ಮೋಟರ್‌ಹೋಮ್ ಗಾಡಿಯ ಹಿಂಬದಿಯ ಕಿಟಕಿ. ಅದರಾಚೆ ಜನವರಿ ಬೆಳಗಿನ ದಟ್ಟ ಮಂಜು. ಮಂಜಿನೊಳಗೆ ನಾಲ್ಕೇ ಅಡಿ ದೂರದಲ್ಲಿ, ಕಬ್ಬಿಣದ ಸರಳಿಗೆ ಕಟ್ಟಿಸಿಕೊಂಡು ಹಿಂದೆ ಬರುತ್ತಿದ್ದ ಬಿಳಿ ಕಾರು.

ಅದರಲ್ಲಿ ಯಾರೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ.

ಆದರೂ ಮರುಭೂಮಿಯ ಅಂಚಿನ ಅಲ್ ಐನ್ ಊರಿನ ಒಂದೊಂದು ರೌಂಡ್‌ಅಬೌಟ್ ಬಂದಾಗಲೂ ಆ ಸ್ಟಿಯರಿಂಗ್ ಮೊದಲು ಬಲಕ್ಕೆ ಚೂರು ವಾಲಿ, ಆಮೇಲೆ ಮೆಲ್ಲಗೆ ಎಡಕ್ಕೆ ತಿರುಗಿ, ಮತ್ತೆ ನೇರವಾಗುತ್ತಿತ್ತು. ಅವಸರವಿಲ್ಲದ, ಪಳಗಿದ ಕೈಯ ತಿರುವು. ಪ್ರಿಯನ್ ಹಾಗೆಯೇ ತಿರುಗಿಸುತ್ತಿದ್ದ.

ಕೀಗೆ ಕಟ್ಟಿದ್ದ ಜಪಮಾಲೆ ತೂಗುತ್ತಿತ್ತು.

'ಪ್ರಿಯನ್... ನೀವಾ?' ಅಂದುಕೊಂಡಳು. ಅಂದುಕೊಂಡದ್ದಕ್ಕೇ ಮೈಯೆಲ್ಲ ತಣ್ಣಗಾಯಿತು.

ಪ್ರಿಯನ್ ಅವಳ ಗಂಡ. ತೀರಿಕೊಂಡು ಎರಡು ವರ್ಷವಾಗಿತ್ತು. ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ದಿನಾ ಬೆಳಿಗ್ಗೆ ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಬಡಾವಣೆಯ ತಮ್ಮ ಕಟ್ಟಡದ ಕೆಳಗೆ ಕಾರು ಹತ್ತಿ, ಎರಡು ಸಲ ಚಿಕ್ಕದಾಗಿ ಹಾರ್ನ್ ಹೊಡೆಯುವುದು ಅವನ ರೂಢಿ. ಹೋಗಿ ಬರ್ತೇನೆ ಅಂತ. ಇವಳು ಕಿಟಕಿಗೆ ಬಂದು ಕೈ ಬೀಸಬೇಕು. ಆ ಕೊನೆಯ ದಿನವೂ ಹಾರ್ನ್ ಕೇಳಿತ್ತು. ಯಾವುದೋ ಸಣ್ಣ ಜಗಳದ ಸಿಟ್ಟಿನಲ್ಲಿ ಡಿಂಪಲ್ ಕಿಟಕಿಗೆ ಹೋಗಲಿಲ್ಲ.

ಅಷ್ಟೇ. ಆದರೆ ಆ ಕಿಟಕಿ ಅವಳನ್ನು ಎರಡು ವರ್ಷದಿಂದ ನಿದ್ದೆ ಮಾಡಲು ಬಿಟ್ಟಿರಲಿಲ್ಲ.

"ಡಿಂಪಲ್, ಹಿಂದೆ ಎಂತ ಮಾಡ್ತಿದ್ದೀರಿ? ಮುಂದೆ ಬನ್ನಿ, ಬೆಟ್ಟ ಬರ್ತಾ ಉಂಟು," ಅಂತ ಲೆಸ್ಲಿ ಕೂಗಿದ.

ಮೋಟರ್‌ಹೋಮ್ ಓಡಿಸುತ್ತಿದ್ದವನು ಅವನೇ. ಹಿಂದೆ ಅದೇ ಗೋದಾಮಿನಲ್ಲಿ ಪ್ರಿಯನ್ ಜೊತೆಗಿದ್ದವನು, ಈಗ ಟೂರಿಸ್ಟ್ ಕಂಪನಿಯೊಂದರ ಡ್ರೈವರ್. ಪ್ರಿಯನ್ ಹೋದ ಮೂರನೇ ದಿನ ಅವನ ಬುತ್ತಿ ಡಬ್ಬಿಯನ್ನೂ ಕಾರಿನ ಕೀಯನ್ನೂ ಹಿಡಿದು ಅವಳ ಬಾಗಿಲಿಗೆ ಬಂದಿದ್ದ. ಒಳಗೆ ಬರದೆ ಹತ್ತು ನಿಮಿಷ ಅಲ್ಲೇ ನಿಂತಿದ್ದ. ಡಬ್ಬಿ ತೊಳೆದು ತಂದಿದ್ದ, ಪಾಪ. ಅವರಿಬ್ಬರ ಮೊದಲ ಭೇಟಿ ಅದು.

ಆಮೇಲೆ ಪ್ರತಿ ಶುಕ್ರವಾರ, ಅಲ್ಲಿಯ ರಜೆಯ ದಿನ, ಅವಳನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದ. ಹೋದ ಶುಕ್ರವಾರ ಪೂಜೆ ಮುಗಿದ ಮೇಲೆ, ಚಪ್ಪಲಿಯ ತುದಿ ನೋಡುತ್ತ ಕೇಳಿಬಿಟ್ಟ.

"ನಾವು ಮದುವೆ ಆಗುವನಾ? ಮಸ್ಕತ್‌ನಿಂದ ಕೆಲಸಕ್ಕೆ ಕರೀತಿದ್ದಾರೆ. ಬರುವ ಗುರುವಾರದೊಳಗೆ ಹೇಳ್ಬೇಕು. ನೀವು ಹೂಂ ಅಂದ್ರೆ ಹೋಗುದಿಲ್ಲ."

ಇವತ್ತು ಆ ಗುರುವಾರ. ಜೆಬೆಲ್ ಹಫೀತ್ ಬೆಟ್ಟದ ಮೇಲೆ ಹೋಗಿ ಹೇಳುತ್ತೇನೆ ಎಂದಿದ್ದಳು ಡಿಂಪಲ್. ಅಲ್ಲಿ ಹೋಟೆಲಿನಲ್ಲಿ ಜರ್ಮನ್ ದಂಪತಿ ಕಾಯುತ್ತಿದ್ದರು. ಮೋಟರ್‌ಹೋಮ್ ಅವರಿಗೆ. ಅದನ್ನು ಒಂದೆಡೆ ನಿಲ್ಲಿಸಿ ಊರು ಸುತ್ತಲು ಹಿಂದಿನ ಸಣ್ಣ ಕಾರು. ಎರಡು ವರ್ಷದಿಂದ ನಿಂತೇ ಇದ್ದ ಪ್ರಿಯನ್‌ನ ಆ ಕಾರನ್ನು ಕಂಪನಿಗೆ ಕೊಟ್ಟುಬಿಡಿ ಎಂದು ಹೇಳಿದವನೂ ಲೆಸ್ಲಿಯೇ.

'ಇವರಿಗೆ ಪ್ರಿಯನ್‌ನ ನೆನಪು ನನ್ನ ಮನೆಯಿಂದ ಹೋಗಬೇಕು. ಅದಕ್ಕೇ ಈ ಕಾರಿನ ಉಪಾಯ...' ಎಂಬ ಮುಳ್ಳು ಅವಳ ಮನಸ್ಸಿನಲ್ಲಿ ಆಗಲೇ ಚುಚ್ಚಿಕೊಂಡಿತ್ತು. ಕೊಡುವುದಕ್ಕೆ ಒಪ್ಪಿದವಳೂ ತಾನೇ ಎಂಬುದು ಮಾತ್ರ ನೆನಪಾಗಲಿಲ್ಲ.

ಬೆಟ್ಟದ ಬುಡದಲ್ಲಿ ಚಹಾಕ್ಕೆಂದು ಗಾಡಿ ನಿಂತಿತು. ಲೆಸ್ಲಿ ಅಂಗಡಿಯ ಕಡೆ ಹೋದ. ಡಿಂಪಲ್ ಕಾರಿನ ಬಳಿ ಬಂದಳು.

ಬಾಗಿಲು ತೆರೆದಾಗ ಒಳಗಿನಿಂದ ಹಳೆಯ ವಾಸನೆ ಬಂತು. ಪ್ರಿಯನ್‌ನ ಶೇವಿಂಗ್ ಲೋಷನ್. ಎರಡು ವರ್ಷ ಮುಚ್ಚಿಟ್ಟರೂ ಹೋಗಿರಲಿಲ್ಲ. ಸೀಟು ಮುಟ್ಟಿದಳು. ಬೆಚ್ಚಗಿತ್ತೋ, ತನ್ನ ಕೈಯೇ ತಣ್ಣಗಿತ್ತೋ.

"ಸಾಕು, ಪ್ರಿಯನ್," ಎಂದಳು. "ಹೀಗೆ ಹಿಂದೆ ಹಿಂದೆ ಬಂದ್ರೆ ನಾನು ಎಂತ ಉತ್ತರ ಕೊಡುದು?"

ಕೀಯನ್ನು ತಿರುಗಿಸಿ ಹೊರಗೆಳೆದು, ಜಪಮಾಲೆಯ ಸಮೇತ ಬ್ಯಾಗಿಗೆ ಹಾಕಿಕೊಂಡಳು.

ಬೆಟ್ಟ ಹತ್ತತೊಡಗಿದ ಮೇಲೆ ಮಂಜು ಇನ್ನೂ ದಟ್ಟವಾಯಿತು. ರಸ್ತೆಯ ದೀಪಗಳು ಹಗಲಲ್ಲೂ ಉರಿಯುತ್ತಿದ್ದವು. ಮೊದಲ ತಿರುವಿನಲ್ಲಿ ಹಿಂದಿನಿಂದ ಒಂದು ಸ್ವರ ಕೇಳಿತು. ತೆಳ್ಳಗೆ, ಉದ್ದಕ್ಕೆ, ಯಾರೋ ಬಿಕ್ಕಿದ ಹಾಗೆ.

"ಎಂತದು ಅದು?" ಡಿಂಪಲ್ ಕುರ್ಚಿ ಗಟ್ಟಿಯಾಗಿ ಹಿಡಿದಳು.

"ಗೊತ್ತಾಗುದಿಲ್ಲ. ಗಾಳಿಯೋ ಏನೋ..."

ಎರಡನೇ ತಿರುವಿನಲ್ಲಿ ಅದು ಚೀರಿತು. ಮೂರನೆಯದರಲ್ಲಿ ಇಡೀ ಮೋಟರ್‌ಹೋಮನ್ನು ಹಿಂದಿನಿಂದ ಯಾರೋ ಕಣಿವೆಯ ಕಡೆಗೆ ಜಗ್ಗಿದಂತಾಯಿತು. ಅಡುಗೆ ಕಪಾಟಿನಿಂದ ತಟ್ಟೆಗಳು ಉರುಳಿ ಬಿದ್ದವು. ಸುಟ್ಟ ರಬ್ಬರಿನ ನಾತ.

ಡಿಂಪಲ್ ತಡವರಿಸುತ್ತ ಹಿಂಬದಿಯ ಕಿಟಕಿಗೆ ಓಡಿದಳು. ಈಗ ಸ್ಟಿಯರಿಂಗ್ ಅಲುಗಾಡುತ್ತಿರಲಿಲ್ಲ. ಕಲ್ಲಿನಂತೆ ನಿಂತಿತ್ತು. ಕಾರು ಮಾತ್ರ ಓರೆಯಾಗಿ, ಬರಲೊಲ್ಲೆ ಬರಲೊಲ್ಲೆ ಎಂದು ಚೀರುತ್ತಿತ್ತು. ಮುಂದಿನ ಟಯರುಗಳಿಂದ ಹೊಗೆ ಏಳುತ್ತಿತ್ತು.

"ನಿಲ್ಲಿಸಿ, ಲೆಸ್ಲಿ. ಅವರು ಬರ್ತಿಲ್ಲ... ಅವರಿಗೆ ಇಷ್ಟ ಇಲ್ಲ!"

ರಸ್ತೆ ಸ್ವಲ್ಪ ಅಗಲವಿದ್ದ ಕಡೆ ಲೆಸ್ಲಿ ಹೇಗೋ ಗಾಡಿ ನಿಲ್ಲಿಸಿದ. ಇಳಿದು ಹೋಗಿ ಕಾರಿನೊಳಗೆ ಇಣುಕಿದ. ತಿರುಗಿ ಬಂದಾಗ ಮುಖ ಬಿಳಿಚಿತ್ತು.

"ಕೀ ಎಲ್ಲಿ?"

ಅವಳು ಬ್ಯಾಗಿನಿಂದ ತೆಗೆದು ಚಾಚಿದಳು.

"ಸ್ಟಿಯರಿಂಗ್ ತಿರುಗ್ತಿತ್ತು. ಅವರೇ ಓಡಿಸಿದ ಹಾಗೆ. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ."

ಲೆಸ್ಲಿ ಬೈಯುತ್ತಾನೆ ಎಂದುಕೊಂಡಿದ್ದಳು. ಇಬ್ಬರೂ ಕಣಿವೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು, ಬೈದಿದ್ದರೂ ತಪ್ಪಾಗುತ್ತಿರಲಿಲ್ಲ. ಅವನು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡ.

"ಕಟ್ಟಿ ಎಳೆಯುವ ಕಾರಿನಲ್ಲಿ ಕೀ ಇರ್ಲೇಬೇಕು, ಡಿಂಪಲ್. ತೆಗೆದ್ರೆ ಸ್ಟಿಯರಿಂಗ್ ಲಾಕ್ ಆಗ್ತದೆ. ಆಮೇಲೆ ಅದು ತಿರುವಿಗೆ ತಿರುಗುದಿಲ್ಲ, ನಮ್ಮನ್ನೇ ಜಗ್ತದೆ. ಬೀಗ ಹಾಕದೆ ಬಿಟ್ರೆ ಚಕ್ರದ ಜೊತೆ ಸ್ಟಿಯರಿಂಗೂ ತಿರುಗಿ, ತನ್ನಷ್ಟಕ್ಕೆ ಹಿಂದೆ ಬರ್ತದೆ. ಯಾರಿಗೂ ಏನೂ ಮಾಡುದಿಲ್ಲ."

ಅವಳು ಅತ್ತುಬಿಟ್ಟಳು.

"ನಾನು ಅವರನ್ನು ಮರೀಬೇಕು ಅಂತ ತಾನೇ ಕಾರು ಕೊಡ್ಲಿಕ್ಕೆ ಹೇಳಿದ್ದು ನೀವು?"

"ಮರೀಬೇಕಾ?" ಲೆಸ್ಲಿ ದಿಗಿಲುಬಿದ್ದು ಅವಳನ್ನೇ ನೋಡಿದ. "ನನಗೆ ಡ್ರೈವಿಂಗ್ ಕಲಿಸಿದ್ದು ಪ್ರಿಯನ್, ಇದೇ ಕಾರಲ್ಲಿ. ನಿಂತಲ್ಲೇ ಟಯರು ಕೊಳೆಯುದು ನೋಡ್ಲಿಕ್ಕೆ ಆಗ್ಲಿಲ್ಲ. ನಿಮ್ಮನ್ನು ಈ ಬೆಟ್ಟಕ್ಕೆ ಕರ್ಕೊಂಡು ಹೋಗ್ಬೇಕು ಅಂತ ಅವನು ಯಾವಾಗ್ಲೂ ಹೇಳ್ತಿದ್ದ, ರಜೆಯೇ ಸಿಗ್ಲಿಲ್ಲ. ಅದಕ್ಕೇ ಬೆಳಿಗ್ಗೆ ಕಟ್ಟುವಾಗ ಬಾನೆಟ್ ತಟ್ಟಿ, ಬಾ ಮಾರಾಯಾ, ಮೂವರೂ ಹೋಗುವ ಅಂದೆ." ತಡೆದು ಮೆಲ್ಲಗೆ ಸೇರಿಸಿದ. "ಅವನನ್ನು ಬಿಟ್ಟು ಬನ್ನಿ ಅಂತ ನಾನು ಯಾವತ್ತೂ ಕೇಳುದಿಲ್ಲ."

ಡಿಂಪಲ್ ಕಾರಿನ ಬಳಿಗೆ ಹೋದಳು. ತಾನೇ ಬಾಗಿಲು ತೆರೆದು, ಕೀ ತೂರಿಸಿ, ಲೆಸ್ಲಿ ಹೇಳಿಕೊಟ್ಟಂತೆ ಅರ್ಧ ತಿರುಗಿಸಿದಳು. ಟಕ್ ಎಂದು ಲಾಕ್ ಬಿಟ್ಟುಕೊಂಡಿತು. ಜಪಮಾಲೆ ತೂಗಾಡಿತು. ಲೆಸ್ಲಿ ಟಯರುಗಳನ್ನು ತಡವಿ ನೋಡಿ, ಸವೆದರೂ ಮೇಲಿನವರೆಗೆ ತಡೆಯುತ್ತವೆ ಎಂದ.

ಗಾಡಿ ಆಮೆಯ ಹಾಗೆ ಹೊರಟಿತು. ಮುಂದಿನ ತಿರುವಿನಲ್ಲಿ ಸ್ವರವಿರಲಿಲ್ಲ.

ಅದರ ಮುಂದಿನ ತಿರುವಿನಲ್ಲಿ, ಮಂಜಿನೊಳಗಿಂದ, ಎರಡು ಸಲ, ಚಿಕ್ಕದಾಗಿ ಹಾರ್ನ್ ಕೇಳಿತು.

ಲೆಸ್ಲಿಯ ಎರಡೂ ಕೈ ಸ್ಟಿಯರಿಂಗ್ ಮೇಲೆ ಹೆಪ್ಪುಗಟ್ಟಿದವು. ಹಿಂದೆ ಮುಂದೆ ಬೇರೊಂದು ಗಾಡಿಯಿರಲಿಲ್ಲ.

"ನಾನಲ್ಲ..." ಎಂದ ಪಿಸುದನಿಯಲ್ಲಿ.

"ಗೊತ್ತುಂಟು."

ಡಿಂಪಲ್ ಹೆದರಲಿಲ್ಲ. ಎದ್ದು, ಉರುಳಿದ ತಟ್ಟೆಗಳನ್ನು ದಾಟಿಕೊಂಡು ಹಿಂಬದಿಯ ಕಿಟಕಿಗೆ ಹೋದಳು. ಗಾಜಿಗೆ ಕಟ್ಟಿದ್ದ ಹಬೆಯನ್ನು ಅಂಗೈಯಿಂದ ಒರೆಸಿದಳು. ಖಾಲಿ ಸೀಟಿನೆದುರು ಸ್ಟಿಯರಿಂಗ್ ಮೆಲ್ಲಗೆ ತಿರುಗಿ ನೇರವಾಯಿತು.

ಅವಳು ಕೈ ಬೀಸಿದಳು. ಎರಡು ವರ್ಷ ತಡವಾಗಿ, ಕಣ್ಣು ತುಂಬಿಕೊಂಡು, ಕೈ ನೋಯುವವರೆಗೂ ಬೀಸಿದಳು.

ಮುಂದೆ ಬಂದು ಕೂತಾಗ ಲೆಸ್ಲಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಎಂತ ಅಂದ?"

"ಹೋಗಿ ಬರ್ತೇನೆ ಅಂದ್ರು."

ಡಿಂಪಲ್ ಕಣ್ಣೊರೆಸಿಕೊಂಡು ಮುಂದಿನ ರಸ್ತೆ ನೋಡಿದಳು.

"ಮೇಲೆ ತಲುಪಲಿಕ್ಕೆ ಇನ್ನೆಷ್ಟು ತಿರುವು ಉಂಟು?"

"ಎಂಟೋ ಒಂಬತ್ತೋ."

"ಅಷ್ಟು ಹೊತ್ತು ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ. ಮಸ್ಕತ್‌ನವರಿಗೆ ಬರುದಿಲ್ಲ ಅಂತ ಹೇಳಿಬಿಡು, ಲೆಸ್ಲಿ."

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಲೆಸ್ಲಿಯ ಕಣ್ಣೆದುರಿನ ಮಂಜು ಇನ್ನಷ್ಟು ಮಸುಕಾಯಿತು. ಒಂದು ಕೈ ಬಿಟ್ಟು ಅವಳ ಬೆರಳು ಹಿಡಿದ.

"ಈಗ್ಲೇ ಫೋನ್ ಮಾಡ್ಲಾ?"

"ಮೊದ್ಲು ರಸ್ತೆ ನೋಡಿ ಓಡಿಸು ಮಾರಾಯಾ," ಎಂದಳು ಡಿಂಪಲ್, ಕೈ ಬಿಡಿಸಿಕೊಳ್ಳದೆ. "ಹಿಂದೆ ಜನ ಉಂಟು."